ಪೈಲವಾನ ಸೋತ ರವಿವಾರ

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಹುಡುಗಿಯಾಗಿರಲಿಲ್ಲ. ಒಳ್ಳೆಯವಳು ನನ್ನ ಅತ್ತಿಯ, ಎಂದರೆ ಸೋದರತ್ತೆಯ, ಮಗಳು. ನಮ್ಮ ಮನೆತನದಲ್ಲಿ ಆ ಜಾಗ ಒಂದೇ ಇತ್ತು, ಅದರಲ್ಲಿ ಅವಳು ಹುಟ್ಟಿದ ದಿನದಿಂದ ಕೂತಿದ್ದಳು. ನನಗಿಂತ ಮೂರೇ ತಿಂಗಳು ದೊಡ್ಡವಳು. ನಾವು ಹುಕ್ಕೇರಿಯಲ್ಲಿ, ಅವರು ಮೂಡಲಗಿಯಲ್ಲಿ. ಅಪ್ಪನ ತಾಯಿ, ನಮಗೆಲ್ಲ ಆಯಿ, ಗೋಕಾಕದಲ್ಲಿ ಕಾಕಾನ ಸಂಸಾರದ ಜೊತೆ ಇದ್ದಳು. ಸೂಟಿ ಬಂತೆಂದರೆ ಎರಡೂ ಕಡೆಯವರು ಬಸ್ಸು ಹತ್ತಿ ಗೋಕಾಕದಲ್ಲಿ ಕೂಡುತ್ತಿದ್ದೆವು. ಕೂಡಿದ ಅರ್ಧ ತಾಸಿನಲ್ಲಿ ನನ್ನ ಅವ್ವ ಅವಳ ಜಡೆ ನೋಡಿ, ಅವಳ ಅಕ್ಷರ ನೋಡಿ, ಅವಳು ತಾಟಿನಲ್ಲಿ ಒಂದಗುಳೂ ಬಿಡದೆ ಉಂಡದ್ದು ನೋಡಿ, ಆಮೇಲೆ ನನ್ನ ಕಡೆ ತಿರುಗುತ್ತಿದ್ದಳು.

ನಾವಿಬ್ಬರೂ ಎಂಟನೆಯ ತರಗತಿ ಮುಗಿಸಿದ ಬೇಸಿಗೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು. ಅರಿವೆ ಖರೀದಿಗೆಂದು ಮುಂಬೈಗೆ ಹೋದ ಕಾಕಾ ಬರುವಾಗ ಎರಡು ಗೇಮ್ ಸೆಟ್ಟು ತಂದ. ಟಿವಿಗೆ ಹಚ್ಚುವಂಥವಲ್ಲ, ಎರಡು ಅಂಗೈಯಲ್ಲಿ ಹಿಡಿದು ಆಡುವಂಥವು. ಯಾರೋ ಆಡಿ ಬಿಟ್ಟವು. ಒಂದರ ಮೂಲೆ ಚಕ್ಕೆ ಎದ್ದಿತ್ತು. ಹಂಚುವಾಗ ಚಕ್ಕೆ ಎದ್ದದ್ದು ನನ್ನ ಪಾಲಿಗೆ ಬಂತು. ನನ್ನ ಮಾರಿ ಹೇಗಾಯಿತೋ ಏನೋ, ಅವಳು ಕೂಡಲೇ, "ಏ, ನನಗ ಅದ ಇರ್ಲಿ. ನೀ ಇದನ್ನ ತಗೋ" ಎಂದು ಬದಲಿಸಿಕೊಟ್ಟಳು. ಕೊಟ್ಟದ್ದಕ್ಕೇ ನನಗೆ ಮೈಯೆಲ್ಲ ಉರಿಯಿತು. ಆದರೂ ತೆಗೆದುಕೊಂಡೆ.

ಎರಡರಲ್ಲೂ ಒಂದೇ ಹೊಡೆದಾಟದ ಕ್ಯಾಸೆಟ್ಟು ಇತ್ತು. ಮನೆಯಲ್ಲಿ ಒಬ್ಬರೇ ಇದ್ದರೆ ಮಶೀನಿನ ಜೊತೆ ಆಡಬೇಕು. ಇಬ್ಬರು ಎದುರಾಬದುರಾ ಆಡಬೇಕೆಂದರೆ ನಡುವೆ ಒಂದು ವೈರು ಚುಚ್ಚಬೇಕು. ವೈರು ಒಂದೇ ಇತ್ತು. ಅದು ಒಬ್ಬರ ಮನೆಗೆ ಹೋದರೆ ಇನ್ನೊಬ್ಬರು ಅಳುತ್ತಾರೆಂದು ಕಾಕಾ ಅದನ್ನು ಆಯಿಯ ಕಪಾಟಿನಲ್ಲಿ ಇಡಿಸಿದ. ಹೀಗಾಗಿ ನಾನು ಹುಕ್ಕೇರಿಯಲ್ಲಿ ಒಬ್ಬಳೇ, ಅವಳು ಮೂಡಲಗಿಯಲ್ಲಿ ಒಬ್ಬಳೇ ಕೈ ಪಳಗಿಸಿಕೊಳ್ಳುವುದು. ಗೋಕಾಕದಲ್ಲಿ ಕೂಡಿದಾಗ ಅದರ ಪರೀಕ್ಷೆ.

ಆ ಸೆಟ್ಟಿನ ಪರದೆಗೆ ತನ್ನದೇ ಬೆಳಕು ಇರಲಿಲ್ಲ. ಮಾಳಿಗೆಯ ಮೇಲೆ ಕೂತು, ಬಿಸಿಲಿಗೆ ಓರೆಯಾಗಿ ಹಿಡಿದರೆ ಮಾತ್ರ ಒಳಗಿನವರು ಕಾಣುತ್ತಿದ್ದರು. ಹೊತ್ತು ಇಳಿದಂತೆ ಆಟವೂ ಮಸುಕಾಗುತ್ತಿತ್ತು. ಅದೇ ಹೊತ್ತಿಗೆ ಆಯಿ ಕೆಳಗಿನಿಂದ ಕೂಗುತ್ತಿದ್ದಳು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು. ಊಟಕ್ಕೂ ಆಟಕ್ಕೂ ಒಂದೇ ಗಡುವು ಇದ್ದದ್ದರಿಂದ ನಮ್ಮ ಮನೆಯಲ್ಲಿ ಆ ಗೇಮ್ ಬಗ್ಗೆ ಯಾರೂ ಹೆಚ್ಚು ತಕರಾರು ಮಾಡಲಿಲ್ಲ. ಆಯಿ ಮಾತ್ರ ಒಮ್ಮೆ ಬಗ್ಗಿ ನೋಡಿ, "ಆಡೂದ ಆಡ್ತೀರಿ, ಇನ್ನೊಬ್ಬರನ್ನ ಬಡಿಯೂ ಆಟನ ಯಾಕ ಆಡ್ತೀರಿ? ಮನಸಿನ್ಯಾಗ ಬಡದ್ರೂ ಬಡದಂಗನ" ಅಂದಿದ್ದಳು. ಅವಳು ಹೇಳಿದ್ದು ನನ್ನ ಮಟ್ಟಿಗೆ ಪೂರಾ ಖರೆಯಾಗಿತ್ತು.

ಆಟ ಸರಳ. ಇಬ್ಬರು ಎದುರು ನಿಲ್ಲುತ್ತಾರೆ. ತಲೆಯ ಮೇಲೆ ಇಬ್ಬರ ಜೀವವೂ ಹಳದಿ ಪಟ್ಟಿಯಾಗಿ ಕಾಣುತ್ತದೆ. ಪೆಟ್ಟು ಬಿದ್ದಷ್ಟೂ ಪಟ್ಟಿ ಸಣ್ಣದಾಗುತ್ತದೆ. ಯಾರದು ಮೊದಲು ಮುಗಿಯಿತೋ ಅವರು ಸೋತರು. ಹನ್ನೆರಡು ಮಂದಿಯಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದಿತ್ತು. ನಾನು ಎಲ್ಲರಿಗಿಂತ ಚುರುಕಾದ, ಕೈಯಲ್ಲಿ ಉದ್ದ ಕೋಲು ಹಿಡಿದ ತೆಳ್ಳನೆಯ ಹೆಂಗಸನ್ನು ಆರಿಸಿದೆ. ಅವಳು ಆರಿಸಿದ್ದು ಡೊಳ್ಳು ಹೊಟ್ಟೆಯ, ಎರಡು ಹೆಜ್ಜೆ ಇಡಲು ಒಂದು ಯುಗ ತೆಗೆದುಕೊಳ್ಳುವ ಒಬ್ಬ ದಡಿಯನನ್ನು. ಅವನಿಗೆ ನಾವು ಪೈಲವಾನ ಎಂದು ಹೆಸರಿಟ್ಟೆವು. "ಪಾಪ, ಇಂವನ್ನ ಯಾರೂ ತಗೊಳ್ಳಂಗಿಲ್ಲ. ನಾನರೆ ತಗೋತೇನಿ" ಅಂದಳು.

ಆ ಪಾಪದವನು ಆ ಬೇಸಿಗೆಯಲ್ಲಿ ನನ್ನನ್ನು ಬಡಿದು ಬಡಿದು ಹಣ್ಣು ಮಾಡಿದ. ನಾನು ಕೋಲು ತಿರುಗಿಸಿ ತಿರುಗಿಸಿ ಹತ್ತು ಪೆಟ್ಟು ಹೊಡೆದರೆ ಅವನು ಸುಮ್ಮನೆ ನಿಂತು, ಒಂದು ಸಂದಿಯಲ್ಲಿ ಕೈ ಹಾಕಿ ಎತ್ತಿ ಒಗೆಯುತ್ತಿದ್ದ. ಬಿದ್ದವಳು ಏಳುವಷ್ಟರಲ್ಲಿ ಮೇಲಿನಿಂದ ಹಾರಿ ಬಂದು ಹೊಟ್ಟೆಯ ಸಮೇತ ನನ್ನ ಮೇಲೆ ಕೂರುತ್ತಿದ್ದ. ಪ್ರತಿ ಸಲವೂ ಅದೇ. ಗೊತ್ತಿದ್ದೂ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಅವನು ಹಾರಿದಾಗ ಬಿದ್ದಲ್ಲಿಂದಲೇ ಕೋಲನ್ನು ಮೇಲೆತ್ತಿ ತಿವಿದರೆ ತಪ್ಪಿಸಬಹುದಿತ್ತು, ಆದರೆ ಸರಿಯಾದ ಕ್ಷಣ ಒಂದು ಚಿಟಿಕೆ ಹೊಡೆಯುವಷ್ಟೇ ಇರುತ್ತಿತ್ತು. ನಾನು ಯಾವಾಗಲೂ ಅದಕ್ಕಿಂತ ಮೊದಲೇ ತಿವಿಯುತ್ತಿದ್ದೆ.

ನಾನು ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಯಾವ ಗುಂಡಿಯ ನಂತರ ಯಾವ ಗುಂಡಿ ಎಂದು ಬರೆದಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಅವಳು ಏನೂ ಬರೆಯುತ್ತಿರಲಿಲ್ಲ. ಮೂಡಲಗಿಯಲ್ಲಿ ಎಷ್ಟು ಹೊತ್ತು ಆಡುತ್ತೀ ಎಂದು ಕೇಳಿದರೆ, "ಅಭ್ಯಾಸ ಮುಗಿದ ಮ್ಯಾಲ ಸ್ವಲ್ಪ" ಅನ್ನುತ್ತಿದ್ದಳು. ಗೆದ್ದಾಗ ಕುಣಿಯುತ್ತಿರಲಿಲ್ಲ. ಅಪರೂಪಕ್ಕೆ ಒಂದು ಸುತ್ತು ಸೋತರೆ ನನಗಿಂತ ಹೆಚ್ಚು ಅವಳೇ ಖುಷಿಪಡುತ್ತಿದ್ದಳು. ಎಲ್ಲಕ್ಕಿಂತ ಸಹಿಸಲಾಗದ್ದು ಅವಳು ಕಲಿಸಿಕೊಡುವುದು. "ನೀ ಭಾಳ ಹೊಡೀತಿ. ಒಂದೀಟು ನಿಂತ ನೋಡು. ಅಂವ ಏನ ಮಾಡ್ತಾನಂತ ನೋಡಿ ಹೊಡಿ." ತಾನು ಗೆಲ್ಲುವ ಗುಟ್ಟನ್ನೇ ಕೈಯಲ್ಲಿಟ್ಟು ಕೊಡುತ್ತಿದ್ದಳು. ಮಂದಿ ಇಂಥವರನ್ನು ಹೊಗಳುತ್ತಾರೆ. ನನಗೆ ಅವಳ ಜಡೆ ಹಿಡಿದು ಜಗ್ಗಬೇಕು ಅನ್ನಿಸುತ್ತಿತ್ತು. ಐದು ಸುತ್ತಿನ ಪೂರ್ತಿ ಪಂದ್ಯವೊಂದನ್ನು ಅವಳ ಮೇಲೆ ಗೆಲ್ಲಬೇಕು, ಎಲ್ಲರ ಎದುರು ಗೆಲ್ಲಬೇಕು. ಆ ವರ್ಷ ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಭಾದ್ರಪದ ಬಂತು. ಆ ತಿಂಗಳು ನಮ್ಮಲ್ಲಿ ದಶಲಕ್ಷಣ ಪರ್ವ, ಹತ್ತು ದಿನ. ದೊಡ್ಡವರು ಉಪವಾಸ ಮಾಡುತ್ತಾರೆ, ಒಪ್ಪತ್ತು ಉಣ್ಣುತ್ತಾರೆ. ಸಣ್ಣವರು ತಮಗೆ ಇಷ್ಟವಾದ ಏನಾದರೊಂದನ್ನು ಹತ್ತು ದಿನ ಬಿಡುತ್ತೇವೆಂದು ಹಿರಿಯರ ಎದುರು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ನೇಮ ಹಿಡಿಯುವುದು ಅನ್ನುತ್ತೇವೆ. ಹತ್ತು ದಿನ ಮುಗಿದ ಮೇಲೆ ಒಬ್ಬರು ಇನ್ನೊಬ್ಬರ ಕ್ಷಮೆ ಕೇಳುವ ದಿನ. ಪರ್ವದ ಹಿಂದಿನ ದಿನ ಕಾಕಾನ ಬಸುರಿ ಹೆಂಡತಿಯ ಕುಬಸದ ಕಾರ್ಯವಿದ್ದದ್ದರಿಂದ ನಾವೆಲ್ಲ ಗೋಕಾಕದಲ್ಲೇ ಇದ್ದೆವು. ಆಯಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, "ಹೇಳ್ರಿ, ಯಾರ್‍ಯಾರು ಏನೇನ ಬಿಡ್ತೀರಿ?" ಅಂದಳು.

ಒಬ್ಬನು ಕರದಂಟು ಬಿಟ್ಟ. ಒಬ್ಬಳು ಟಿವಿ ಬಿಟ್ಟಳು. ನಾನು ಪೇಡೆ ಬಿಡುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ನಮ್ಮ ಮನೆಯಲ್ಲಿ ಹೇಗೂ ಪೇಡೆ ತರುತ್ತಿರಲಿಲ್ಲ. ನನಗಿಂತ ಮೊದಲು ಅವಳ ಪಾಳಿ ಬಂತು. "ಗೇಮ್ ಬಿಡ್ತೇನಿ, ಆಯಿ" ಅಂದಳು. ಆಯಿಯ ಮಾರಿ ಅರಳಿತು. ಅತ್ತಿ ಸೆರಗಿನಿಂದ ಮಗಳ ಹಣೆ ಒರೆಸಿದಳು. ನನ್ನ ಅವ್ವ ನನ್ನ ಕಡೆ ತಿರುಗಿದಳು. ಇನ್ನು ಪೇಡೆಯ ಮಾತು ಎಲ್ಲಿಂದ ಎತ್ತಲಿ? "ನಾನೂ ಗೇಮ್ ಬಿಡ್ತೇನಿ" ಅಂದೆ. ಹೀಗೆ ಹೊಟ್ಟೆಕಿಚ್ಚಿನಿಂದಲೇ ನಾನು ನೇಮ ಹಿಡಿದೆ.

ಅದೇ ಸಂಜೆ ಹುಕ್ಕೇರಿಗೆ ಬಂದೆವು. ಮರುದಿನ, ಪರ್ವದ ಮೊದಲ ದಿನ, ಸಾಲಿ ಬಿಟ್ಟ ಮೇಲೆ ಮಾಳಿಗೆಯ ಮೇಲೆ ಅರಿವೆ ತೆಗೆಯಲು ಹೋದವಳು ಸೆಟ್ಟನ್ನು ಫ್ರಾಕಿನ ಒಳಗೆ ಇಟ್ಟುಕೊಂಡು ಹೋದೆ. ಸುಮ್ಮನೆ ಒಮ್ಮೆ ನೋಡುವುದು, ಅಷ್ಟೇ ಎಂದುಕೊಂಡೆ. ನೀರಿನ ಟಾಕಿಯ ಹಿಂದೆ ಕೂತೆ. ಆಮೇಲೆ ಯೋಚನೆ ಬಂತು: ಅವಳು ಹತ್ತು ದಿನ ಮುಟ್ಟುವುದಿಲ್ಲ. ಅವಳು ಮುಟ್ಟುವುದಿಲ್ಲವೆಂದರೆ ಮುಟ್ಟುವುದಿಲ್ಲ. ಇಂಥ ಹತ್ತು ದಿನ ನನಗೆ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ.

ಮಶೀನಿಗೆ ಪೈಲವಾನನನ್ನು ಕೊಟ್ಟು, ಆಟವನ್ನು ಎಲ್ಲಕ್ಕಿಂತ ಕಠಿಣವಾದ ಮಟ್ಟಕ್ಕೆ ಇಟ್ಟು, ದಿನಾ ಒಂದು ತಾಸು ಆಡಿದೆ. ಗೆಲ್ಲಲಿಕ್ಕೆಂದು ಆಡಲಿಲ್ಲ. ಬೇಕೆಂದೇ ಬೀಳುತ್ತಿದ್ದೆ, ಬಿದ್ದಲ್ಲಿ ಕಾಯುತ್ತಿದ್ದೆ, ಅವನು ಹಾರಿದಾಗ ತಿವಿಯುತ್ತಿದ್ದೆ. ಮೂರನೆಯ ದಿನ ಹತ್ತರಲ್ಲಿ ಎರಡು ತಿವಿತ ತಾಗಿದವು. ಆರನೆಯ ದಿನ ಆರು. ನಡುವೆ ಸೆಲ್ಲು ಮುಗಿದವು. ಹೊಸ ಸೆಲ್ಲು ಕೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆಂದು ಗೋಡೆ ಗಡಿಯಾರದ್ದೊಂದು, ಟಿವಿ ರಿಮೋಟಿನದೊಂದು ತೆಗೆದು, ಸತ್ತ ಸೆಲ್ಲುಗಳನ್ನು ಅವುಗಳಲ್ಲಿ ಇಟ್ಟೆ. ಅಪ್ಪ ಗಡಿಯಾರವನ್ನು ಎರಡು ಸಲ ತಟ್ಟಿ ನೋಡಿ, "ಹಳೇದಾತು ಇದು" ಅಂದ. ಅವ್ವ ಆ ದಿನ ಒಪ್ಪತ್ತು ಮಾಡಿ ಮಂಕಾಗಿ ಕೂತಿದ್ದಳು. ನನಗೆ ಪಾಪವೆನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಹತ್ತನೆಯ ದಿನ ಹತ್ತಕ್ಕೆ ಒಂಬತ್ತು ತಿವಿತ ತಾಗಿದವು, ಅದರ ಖುಷಿಯ ಎದುರು ಆ ಪಾಪ ನಿಲ್ಲಲಿಲ್ಲ.

ಕ್ಷಮೆ ಕೇಳುವ ದಿನ ಆ ವರ್ಷ ರವಿವಾರ ಬಿದ್ದಿತ್ತು. ಎಲ್ಲರೂ ಗೋಕಾಕದಲ್ಲಿ ಕೂಡಿದೆವು. ಬಸದಿಗೆ ಹೋಗಿ ಬಂದು ಸಣ್ಣವರು ದೊಡ್ಡವರ ಕಾಲಿಗೆ ಬಿದ್ದೆವು. ದೊಡ್ಡವರು ತಮ್ಮ ತಮ್ಮಲ್ಲೇ ಕೈ ಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಕ್ಷಮಾ ಇರಲಿ ಎಂದರು. ಅವಳು ನನ್ನ ಎದುರು ಬಂದು ಕೈ ಮುಗಿದಳು. ನಾನೂ ಮುಗಿದೆ. ತಿಳಿದೋ ತಿಳಿಯದೆಯೋ ಅಂದೆ. ಆ ಮಾತು ಬಹಳ ಅನುಕೂಲದ್ದು. ಕಡ್ಡಿಯಷ್ಟು ತಪ್ಪಿದ್ದರೂ, ತೊಲೆಯಷ್ಟು ತಪ್ಪಿದ್ದರೂ ಅದರೊಳಗೆ ಹಿಡಿಯುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ.

ಮಧ್ಯಾಹ್ನದ ಊಟ ಮುಗಿಸಿ ಮಾಳಿಗೆ ಹತ್ತಿದೆವು. ಕಾಕಾ ಕಪಾಟಿನಿಂದ ವೈರು ತಂದ. ಹತ್ತು ದಿನ ಬಿಟ್ಟಿದ್ದನ್ನು ಮತ್ತೆ ಹಿಡಿಯುವುದೆಂದು ಅತ್ತಿ, ಅವ್ವ, ನಡಿಗೆ ಕಷ್ಟವಾದರೂ ಆಯಿ, ಎಲ್ಲರೂ ಮೇಲೆ ಬಂದು ಚಾಪೆ ಹಾಸಿಕೊಂಡು ಕೂತರು. ಅವಳು ಕೈ ಬಟ್ಟುಗಳ ನೆಟಿಗೆ ಮುರಿದುಕೊಂಡು, "ಕೈ ಮರತಾವ ನೋಡು ನನಗ" ಎಂದು ನಕ್ಕಳು. ನಾನೂ ನಕ್ಕು, "ನನಗೂ" ಅಂದೆ.

ಮೊದಲನೆಯ ಸುತ್ತಿನಲ್ಲಿ ಪೈಲವಾನ ನನ್ನನ್ನು ಎತ್ತಿ ಒಗೆದ. ಬಿದ್ದೆ. ಅವನು ಹಾರಿದ. ನಾನು ಆತುರಪಡಲಿಲ್ಲ, ಆ ಚಿಟಿಕೆಯ ಹೊತ್ತಿಗೆ ಕಾದು ತಿವಿದೆ. ಅವನು ಗಾಳಿಯಲ್ಲೇ ಮಡಚಿ ಅತ್ತ ಬಿದ್ದ. ಅವಳು "ಹಾಂ?" ಎಂದು ಪರದೆಯನ್ನು ಮುಖದ ಹತ್ತಿರ ತಂದಳು. ಮತ್ತೆ ಹಾರಿದ, ಮತ್ತೆ ತಿವಿದೆ. ಅವಳಿಗೆ ಬೇರೆ ದಾರಿ ಹೊಳೆಯಲು ಹೊತ್ತು ಬೇಕಿತ್ತು, ಕೈಗಳು ತಡವಾಗುತ್ತಿದ್ದವು. ಮೊದಲನೆಯದು ನನ್ನದಾಯಿತು. ಎರಡನೆಯದೂ ನನ್ನದು. ಮೂರನೆಯದರಲ್ಲಿ ನನ್ನ ಪಟ್ಟಿ ಅರ್ಧವೂ ಇಳಿಯುವ ಮೊದಲೇ ಅವಳದು ಮುಗಿಯಿತು. ಐದರ ಪಂದ್ಯ ಮೂರಕ್ಕೇ ಮುಗಿಯಿತು.

ಕಾಕಾ ನನ್ನ ಬೆನ್ನು ತಟ್ಟಿದ. ಅವ್ವ, ಜೀವನದಲ್ಲಿ ಮೊದಲ ಸಲ, ಅವಳನ್ನು ನೋಡಿದ ಮೇಲೆ ನನ್ನ ಕಡೆ ತಿರುಗದೆ, ನನ್ನನ್ನೇ ಮೊದಲು ನೋಡಿದಳು. ಇಷ್ಟಕ್ಕೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಆಯಿ ಕೈ ಎತ್ತಿ ಎಲ್ಲರಿಗೂ ಕೇಳುವಂತೆ, "ನೋಡ್ರಿ, ಹತ್ತ ದಿನ ಮುಟ್ಟಲಾರದ ಗೆದ್ದಾಳ. ನೇಮದ ಪುಣ್ಯ ಅಂದ್ರ ಇದು. ಬಿಟ್ಟವರಿಗೆ ಸಿಗತೈತಿ" ಅಂದಳು. ಚಾಪೆಯ ಮೇಲಿದ್ದವರೆಲ್ಲ ಹೌದು ಹೌದು ಅಂದರು.

ಅತ್ತಿಯ ಮಗಳು ವೈರು ಬಿಚ್ಚುತ್ತಿದ್ದವಳು ನಿಲ್ಲಿಸಿದಳು. ಎದ್ದು ಆಯಿಯ ಎದುರು ಹೋಗಿ ಕೂತು, "ಆಯಿ, ನಾ ನೇಮ ಮುರದೇನಿ" ಅಂದಳು.

"ಯಾವಾಗ?"

"ಏಳನೇ ದಿನ. ಬಾಜೂ ಮನಿ ಸಣ್ಣ ಹುಡಿಗಿಗೆ ಜ್ವರಾ ಬಂದಿತ್ತು. ಅಳಾಕತ್ತಿತ್ತಂತ ಅದರ ಕೈಯಾಗ ಕೊಟ್ಟ ಕಲಿಸಿದ್ನಿ. ಕಲಿಸೂವಾಗ ಒಂದ ಆಟ ನಾನ ಆಡಿದ್ನಿ. ಅದಕ್ಕ ಸೋತೇನಿ."

ಮುರಿಯುವುದರಲ್ಲೂ ಅವಳು ನನಗಿಂತ ಚೆಂದಾಗಿ ಮುರಿದಿದ್ದಳು. ಜ್ವರ ಬಂದ ಮಗುವಿಗಾಗಿ, ಒಂದೇ ಒಂದು ಆಟ. ಆಯಿ ಅವಳ ಗದ್ದ ಹಿಡಿದು, "ಇರ್ಲಿ ಬಿಡವಾ, ನಾಳೆ ಒಂದ ಹೊತ್ತು ಊಟಾ ಬಿಡು, ತೀರಿತು" ಅಂದಳು. ಅವಳು ತಲೆ ಅಲ್ಲಾಡಿಸಿದಳು. "ಇಲ್ಲ ಆಯಿ. ಹತ್ತ ದಿನಾ ಬಿಡಾಕ ಆಗ್ಲಿಲ್ಲ ಅಂದ್ರ ಇದರ ಮ್ಯಾಲ ನನಗ ಭಾಳ ಆಸೆ ಐತಿ ಅಂತಾತು. ಇನ್ನ ಮ್ಯಾಲ ಜನ್ಮದಾಗ ಆಡೂದಿಲ್ಲ." ಯಾರಾದರೂ ತಡೆಯುವ ಮೊದಲೇ ಕೈ ಮುಗಿದು ಅದನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಬಿಟ್ಟಳು. ಅತ್ತಿ ಗಾಬರಿಯಾಗಿ ಆಯಿಯ ಮಾರಿ ನೋಡಿದಳು. ಆಯಿ, "ಬಾಯಿಂದ ಬಂತಲ್ಲ, ಆತು ಇನ್ನ" ಅಂದಳು. ನಮ್ಮಲ್ಲಿ ಹಿರಿಯರ ಎದುರು ಆಡಿದ ನೇಮವನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಇಲ್ಲ.

ಆಗ ನಾನು ಮಾತಾಡಬೇಕಿತ್ತು. ಒಂದು ವಾಕ್ಯ ಸಾಕಿತ್ತು. ನಾನು ಹತ್ತೂ ದಿನ ಆಡಿದ್ದೇನೆ, ಪುಣ್ಯದ ಮಾತು ಸುಳ್ಳು ಎಂದಿದ್ದರೆ ಅವಳ ನೇಮಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ, ಆಯಿಯೇ ಏನಾದರೂ ದಾರಿ ಹುಡುಕುತ್ತಿದ್ದಳು. ಬಾಯಿ ತೆರೆದೆ ಕೂಡ. ಅವ್ವ ಇನ್ನೂ ನನ್ನನ್ನೇ ನೋಡುತ್ತಿದ್ದಳು, ಅದೇ ಹೊಸ ನೋಟದಿಂದ. ಬಾಯಿ ಮುಚ್ಚಿದೆ.

ಸಂಜೆ ಹೊರಡುವಾಗ ಅವಳು ಚಕ್ಕೆ ಎದ್ದ ಸೆಟ್ಟನ್ನು ತಂದು ನನ್ನ ಚೀಲದಲ್ಲಿ ಇಟ್ಟಳು. "ನೀ ಛಲೋ ಆಡಿದಿ ಇವತ್ತು. ಆ ತಿವಿಯೂದು ಎಲ್ಲಿ ಕಲತಿ?" ಎಂದು ಕೇಳಿದಳು. ಹಾಗೇ ಬಂತು ಅಂದೆ. ಕಾಕಾ ವೈರನ್ನೂ ನನಗೇ ಕೊಟ್ಟ. ಇನ್ನು ಅದು ಗೋಕಾಕದಲ್ಲಿ ಯಾರಿಗೆ ಬೇಕಿತ್ತು?

ಎರಡು ಸೆಟ್ಟು, ಎರಡು ಕ್ಯಾಸೆಟ್ಟು, ಒಂದು ವೈರು, ಎಲ್ಲವೂ ನನ್ನವಾದವು. ಒಂದು ದಿನ ಹುಕ್ಕೇರಿಯ ಮಾಳಿಗೆಯ ಮೇಲೆ ಎರಡಕ್ಕೂ ವೈರು ಚುಚ್ಚಿ, ಒಂದರಲ್ಲಿ ಪೈಲವಾನನನ್ನು ಆರಿಸಿ ನೆಲದ ಮೇಲಿಟ್ಟು, ಇನ್ನೊಂದನ್ನು ಕೈಯಲ್ಲಿ ಹಿಡಿದು ಅವನನ್ನು ಬಡಿದೆ. ಅವನು ಸುಮ್ಮನೆ ನಿಂತು ತಿಂದ. ಅಷ್ಟು ಹೊಡೆದರೂ ತಿರುಗಿ ಒಂದು ಪೆಟ್ಟು ಕೊಡಲಿಲ್ಲ. ಅಲ್ಲಿಗೆ ನನಗೂ ಆಟ ಸಾಕಾಯಿತು. ಮೂಡಲಗಿಯಲ್ಲಿ ಅವಳು ಆರಾಮವಾಗಿ ಇದ್ದಾಳೆಂದು ಸುದ್ದಿ ಬರುತ್ತಿತ್ತು: ಹತ್ತನೆಯ ತರಗತಿಯಲ್ಲಿ ತಾಲೂಕಿಗೆ ಹೆಸರು ತಂದಳು, ಅದು ಇದು. ಬಿಟ್ಟದ್ದು ಅವಳಿಗೆ ಭಾರವೇ ಆಗಿಲ್ಲ, ಹಿಡಿದ ನನಗೇ ಭಾರವಾಗಿದೆ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಸೋತೂ ಅವಳೇ ಮೇಲಿನವಳಾಗಿದ್ದಳು. ಪ್ರತಿ ವರ್ಷ ಕ್ಷಮೆಯ ದಿನ ಅವಳ ಫೋನು ಮೊದಲು ಬರುತ್ತಿತ್ತು. ತಿಳಿದೋ ತಿಳಿಯದೆಯೋ ಅನ್ನುತ್ತಿದ್ದಳು. ನಾನೂ ಅನ್ನುತ್ತಿದ್ದೆ.

ಆರು ವರ್ಷದ ನಂತರ ಅವಳ ಲಗ್ನ ಗೊತ್ತಾಯಿತು. ಅವ್ವ ನನ್ನನ್ನು ಎಂಟು ದಿನ ಮೊದಲೇ ಮೂಡಲಗಿಗೆ ಕಳಿಸಿದಳು, ಸೀರೆ ಮಡಿಸಿ ಟ್ರಂಕು ತುಂಬುವ ಕೆಲಸಕ್ಕೆ. ಮನೆ ತುಂಬ ಹೆಂಗಸರು. ಬಂದವರೆಲ್ಲ ಅವಳ ಗುಣ ಹೊಗಳುವವರೇ. ಅವಳು ತನ್ನ ಒಂದೊಂದೇ ವಸ್ತುವನ್ನು ಯಾರು ಯಾರಿಗೋ ಕೊಡುತ್ತಿದ್ದಳು: ಕಂಪಾಸು ಪೆಟ್ಟಿಗೆ, ಬಳೆ, ಒಳ್ಳೆಯ ಕೊಡೆ. ನನಗೂ ಒಂದು ಸೀರೆ ಎತ್ತಿ, "ಇದು ನಿನಗ ಒಪ್ಪತೈತಿ" ಅಂದಳು. ಖರೆಯೇ, ನನಗೆ ಒಪ್ಪುವ ಬಣ್ಣ ಅದು. ಆಗ ಹೇಳಿದೆ. ಪಶ್ಚಾತ್ತಾಪದಿಂದ ಹೇಳಿದೆ ಎಂದು ಬರೆದರೆ ಇದೂ ಒಂದು ಸುಳ್ಳಾಗುತ್ತದೆ. ಅಷ್ಟು ಹಗುರಾಗಿ ಎಲ್ಲವನ್ನೂ ಬಿಟ್ಟುಕೊಡುವ ಆ ಕೈಗಳನ್ನು ಒಮ್ಮೆ ನಡುಗಿಸಬೇಕು ಎನಿಸಿತು.

"ಆ ವರ್ಷ ನೇಮದಾಗ ನಾನೂ ಆಡಿದ್ನಿ" ಅಂದೆ.

ಅವಳು ಸೀರೆ ಮಡಿಸುತ್ತಲೇ, "ಎಷ್ಟ ಸಲಾ?" ಎಂದಳು.

"ದಿನಾ. ಹತ್ತೂ ದಿನ. ಪೈಲವಾನನ್ನ ಬಡಿಯೂದನ್ನ ಆವಾಗ ಕಲತೆ."

ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ. ನಗುತ್ತಾಳೆ, ಇರಲಿ ಬಿಡು ಅನ್ನುತ್ತಾಳೆ, ನಾನು ಇನ್ನೊಮ್ಮೆ ಸೋಲುತ್ತೇನೆ ಎಂದು ಸಿದ್ಧಳಾಗಿದ್ದೆ. ಅವಳು ಸೀರೆಯನ್ನು ಮಂಚದ ಮೇಲೆ ಇಟ್ಟಳು. ಮಾರಿ ಕೆಂಪಾಯಿತು. ಇಪ್ಪತ್ತು ವರ್ಷದಲ್ಲಿ ಅವಳಿಗೆ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ, ಹಾಗಾಗಿ ಅದು ಸಿಟ್ಟೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾ ಆಡಬೇಕಂತ ಎಷ್ಟ ಅತ್ತೇನಿ ಗೊತ್ತೈತಿ ನಿನಗ?" ಅಂದಳು. ದನಿ ಏರಿರಲಿಲ್ಲ. "ಬಚ್ಚಲದಾಗ ಕುಂತ ಅತ್ತೇನಿ, ಅವ್ವಗ ಕೇಳಬಾರದಂತ. ಸಾಲಿ ಬಿಟ್ಟ ಮನಿಗೆ ಬಂದ್ರ ಗುಂಡಿ ಒತ್ತಾಕ ಕೈ ತುರಸ್ತಿದ್ವು. ನನ್ನ ತಪ್ಪಿನಿಂದ ಸೋತೇನಿ ಅಂತ ಸುಮ್ಮನಿದ್ನಿ. ಆರು ವರ್ಷ. ಆರು ವರ್ಷ ನಾ ಆಡಬಹುದಿತ್ತಲ್ಲ."

ಹೊರಗೆ ಹಪ್ಪಳ ಒಣಗಹಾಕುತ್ತಿದ್ದ ಹೆಂಗಸರ ಮಾತು ಕೇಳುತ್ತಿತ್ತು. ನಾನು ಕೈ ಮುಗಿದೆ. ಆ ಸಲ ತಿಳಿದೋ ತಿಳಿಯದೆಯೋ ಎನ್ನಲು ಆಗಲಿಲ್ಲ. ತಿಳಿದೇ ಮಾಡಿದೆ, ಕ್ಷಮಾ ಮಾಡು ಅಂದೆ.

"ಇಲ್ಲ" ಅಂದಳು. "ಮಾಡಂಗಿಲ್ಲ."

ಆಮೇಲೆ ನನಗೆ ಕೊಡಲು ಎತ್ತಿಟ್ಟಿದ್ದ ಸೀರೆಯನ್ನು ತೆಗೆದು, ಮಡಿಕೆ ಸರಿ ಮಾಡಿ, ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಳು.